ತಗಡಿನಲ್ಲಿ ದುಂಡು ರಂಧ್ರ

ಕೈವಾರದಿಂದ ಕಾಗದದ ಮೇಲೆ ವೃತ್ತವನ್ನು ಎಳೆಯುವುದು ಚಿಕ್ಕ ಮಕ್ಕಳಿಗೂ ಸಾಧ್ಯ. ಅದೇ ವೃತ್ತವನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಗೀರಿ, ಅಂಗೈಯಗಲದ ರಂಧ್ರವನ್ನು ಅಂದವಾಗಿ ಕೊರೆಯಬೇಕೆಂದರೆ ನುರಿತವನೂ ಒಂದು ಕ್ಷಣ ಯೋಚಿಸುತ್ತಾನೆ. ಅಲ್ಯೂಮಿನಿಯಂ ಮೆದುವಾದ ಲೋಹ. ಆದರೆ ಆ ಮೆದುತನವೇ ಇಲ್ಲಿ ತೊಡಕು. ತಗಡು ಬಾಗುತ್ತದೆ, ಅಂಚು ಹರಿಯುತ್ತದೆ, ಲೋಹದ ಚೂರು ಕೊರೆಯುವ ಮೊನೆಗೆ ಅಂಟಿಕೊಳ್ಳುತ್ತದೆ.

ಈ ಕೆಲಸದ ಮರ್ಮವನ್ನು ಅರಿಯಲು ಮೊದಲು ಮರಗೆಲಸವೊಂದನ್ನು ನೋಡುವುದು ಲೇಸು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಾಮನಗರವನ್ನು ದಾಟಿದರೆ ಚನ್ನಪಟ್ಟಣ ಸಿಗುತ್ತದೆ. ಅರಗಿನ ಬಣ್ಣದ ಬೊಂಬೆಗಳಿಂದ ಹೆಸರಾದ ಈ ಊರಿನ ಕುಶಲಕಲೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಇಲ್ಲಿ ಅನೇಕ ಕುಟುಂಬಗಳಿಗೆ ವಾಸದ ಮನೆಯೇ ಕಾರ್ಯಾಗಾರವೂ ಹೌದು. ಕುಶಲಕರ್ಮಿಯು ಹಾಲೆಮರದ ತುಂಡನ್ನು ಲೇತ್ ಯಂತ್ರಕ್ಕೆ ಬಿಗಿದು ತಿರುಗಿಸುತ್ತಾನೆ. ಉಳಿಯನ್ನು ಆಧಾರದ ಮೇಲಿಟ್ಟು ಅಲುಗದಂತೆ ಹಿಡಿಯುತ್ತಾನೆ. ತಿರುಗುವುದು ಮರ, ನಿಂತಿರುವುದು ಉಳಿ. ಮರದ ಬಳೆಯನ್ನು ಮಾಡುವಾಗ ತುಂಡಿನ ಮುಖಕ್ಕೆ ಉಳಿಯನ್ನು ತಾಗಿಸಿ ಒಳಭಾಗವನ್ನು ಟೊಳ್ಳು ಮಾಡುತ್ತಾನೆ. ಉಳಿಯ ಮೊನೆ ಕೇಂದ್ರದಿಂದ ಎಷ್ಟು ದೂರದಲ್ಲಿದೆಯೋ ಅಷ್ಟೇ ತ್ರಿಜ್ಯದ ವೃತ್ತ ಮರದಲ್ಲಿ ತಾನಾಗಿ ಮೂಡುತ್ತದೆ. ಕೈಯ ನೈಪುಣ್ಯವೆಲ್ಲ ಆ ದೂರವನ್ನು ಕಾಯುವುದರಲ್ಲಿದೆ. ಆಟಿಕೆ ಬಂಡಿಯ ಚಕ್ರದಲ್ಲಿ ರಂಧ್ರವು ನಡುವಿನಿಂದ ತುಸು ಸರಿದರೂ ಸಾಕು, ಬಂಡಿ ಕುಂಟುತ್ತದೆ. ಕುಂಟುವ ಬಂಡಿಯನ್ನು ಯಾವ ಮಗುವೂ ಎರಡು ದಿನ ಎಳೆಯುವುದಿಲ್ಲ.

ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಬೊಂಬೆಗೆ ಉಪಕಾರಿಯಾದ ಈ ಶಾಖವು ಅಲ್ಯೂಮಿನಿಯಂ ಕೆಲಸದಲ್ಲಿ ಅಪಕಾರಿ. ಬಿಸಿಯೇರಿದಷ್ಟೂ ಲೋಹವು ಮೊನೆಗೆ ಅಂಟುತ್ತದೆ, ರಂಧ್ರದ ಅಂಚು ಒರಟಾಗುತ್ತದೆ. ಆದ್ದರಿಂದ ಕೊರೆಯುವ ಜಾಗಕ್ಕೆ ಆಗಾಗ ಕೆಲವು ಹನಿ ಸೀಮೆಎಣ್ಣೆಯನ್ನು ಹಾಕುವುದುಂಟು.

ಅಗಲವಾದ ತಗಡನ್ನು ಮರದ ತುಂಡಿನಂತೆ ತಿರುಗಿಸುವುದು ಮನೆಯ ಕಾರ್ಯಾಗಾರದಲ್ಲಿ ಆಗದ ಮಾತು. ಆದುದರಿಂದ ಇಲ್ಲಿ ಕ್ರಮವು ತಲೆಕೆಳಗಾಗುತ್ತದೆ: ತಗಡು ನಿಲ್ಲಬೇಕು, ಮೊನೆ ತಿರುಗಬೇಕು. ದೊಡ್ಡ ಬೈರಿಗೆಯೊಂದನ್ನು ಹಾಕಿಬಿಟ್ಟರೆ ಸಾಲದೆ ಎಂದು ಕೇಳಬಹುದು. ದಪ್ಪ ಬೈರಿಗೆಯ ತುದಿ ತೆಳುವಾದ ತಗಡನ್ನು ತೂರಿ ಹೊರಬರುವಾಗ ಅದರ ಪಕ್ಕದ ಅಲಗುಗಳು ಇನ್ನೂ ಲೋಹದೊಳಗೆ ಪೂರ್ತಿ ಇಳಿದಿರುವುದಿಲ್ಲ. ಕೇಂದ್ರದ ಆಸರೆ ತಪ್ಪಿ ಬೈರಿಗೆ ಓಲಾಡುತ್ತದೆ. ದುಂಡಾಗಬೇಕಾದ ರಂಧ್ರ ಮುಮ್ಮೂಲೆಯಾಗುತ್ತದೆ.

ಯಂತ್ರವಿಲ್ಲದವರಿಗೆ ಹಳೆಯ ದಾರಿಯೊಂದಿದೆ. 100 ಮಿಲಿಮೀಟರ್ ವ್ಯಾಸದ ರಂಧ್ರ ಬೇಕಾದರೆ, ಆ ವೃತ್ತದ ಒಳಗೆ 94 ಮಿಲಿಮೀಟರ್ ವ್ಯಾಸದ ಇನ್ನೊಂದು ವೃತ್ತವನ್ನು ಗೀರಬೇಕು. ಅದರ ಪರಿಧಿ ಸುಮಾರು 295 ಮಿಲಿಮೀಟರ್. ಅದರ ಮೇಲೆ 5 ಮಿಲಿಮೀಟರಿಗೊಂದರಂತೆ 4 ಮಿಲಿಮೀಟರ್ ವ್ಯಾಸದ 59 ಸಣ್ಣ ತೂತುಗಳನ್ನು ಕೊರೆದು, ನಡುವೆ ಉಳಿದ ಸೇತುವೆಗಳನ್ನು ಉಳಿಯಿಂದ ಕಡಿದು, ಅರದಿಂದ ಗೆರೆಯವರೆಗೆ ಉಜ್ಜಬೇಕು. ಒಂದು ಮಧ್ಯಾಹ್ನದ ತಾಳ್ಮೆಯನ್ನು ಬೇಡುವ ಕೆಲಸವಿದು. ಆದರೂ ಕೆಡುವ ಸಂಭವ ಕಡಿಮೆ.

ಯಂತ್ರವಿದ್ದವರು ತಿರುಗುವ ತೋಳಿನ ತುದಿಯಲ್ಲಿ ಒಂದೇ ಮೊನೆಯುಳ್ಳ ಉಪಕರಣವನ್ನು ಬಳಸುತ್ತಾರೆ. ಇದು ಲೋಹವನ್ನು ಕತ್ತರಿಸುವ ಕೈವಾರವೇ ಸರಿ. ನಡುವಿನ ಸಣ್ಣ ತೂತಿನಲ್ಲಿ ಅದರ ಕಡ್ಡಿ ನಿಲ್ಲುತ್ತದೆ, ಮೊನೆ ಸುತ್ತುತ್ತದೆ. ಇಲ್ಲಿ ವೇಗವನ್ನು ಲೆಕ್ಕ ಹಾಕದೆ ಕೈಹಾಕಬಾರದು. ನಿಮಿಷಕ್ಕೆ 1000 ಸುತ್ತು ತಿರುಗುವ 10 ಮಿಲಿಮೀಟರ್ ಬೈರಿಗೆಯ ಅಂಚು ನಿಮಿಷಕ್ಕೆ ಸುಮಾರು 31 ಮೀಟರ್ ಚಲಿಸುತ್ತದೆ. ಅದೇ ಸುತ್ತಿನಲ್ಲಿ 100 ಮಿಲಿಮೀಟರ್ ವೃತ್ತದ ಮೊನೆ ಚಲಿಸುವುದು 314 ಮೀಟರ್. ಆದ್ದರಿಂದ ಸುತ್ತನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಮಾತ್ರ ಅಂಚಿನ ವೇಗ ಮೊದಲಿನಷ್ಟಾಗುತ್ತದೆ.

ಮೊನೆಯು ತಗಡಿನಲ್ಲಿ ಸಿಕ್ಕಿಕೊಂಡರೆ ತಗಡೇ ತಿರುಗತೊಡಗುತ್ತದೆ. ಹಾಗೆ ತಿರುಗುವ ತಗಡಿನ ಅಂಚಿಗೂ ಗರಗಸಕ್ಕೂ ವ್ಯತ್ಯಾಸವಿಲ್ಲ. ಅದನ್ನು ಕೈಯಲ್ಲಿ ಹಿಡಿದವನ ಬೆರಳು ಉಳಿಯಲಾರದು. ಅದಕ್ಕಾಗಿ ತಗಡನ್ನು ದಪ್ಪ ಹಲಗೆಯ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ತಿರುಪುಗಳಿಂದ ಬಿಗಿಯಬೇಕು; ಕತ್ತರಿಸಿ ತೆಗೆಯುವ ಬಿಲ್ಲೆಯನ್ನೂ ಎರಡು ತಿರುಪು ಹಾಕಿ ಹಲಗೆಗೆ ಕಚ್ಚಿಸಬೇಕು, ಇಲ್ಲವಾದರೆ ಬಿಡುಗಡೆಯಾದೊಡನೆ ಅದು ಮೊನೆಯೊಡನೆ ಸುತ್ತಿ ಎಗರುತ್ತದೆ. ಹಲಗೆಯನ್ನು ಯಂತ್ರದ ಮೇಜಿಗೆ ಭದ್ರಪಡಿಸಬೇಕು. ಕಣ್ಣಿಗೆ ಕನ್ನಡಕ ಬೇಕು. ಕೈಗವಸು ಮಾತ್ರ ಬೇಡ. ತಿರುಗುವ ಮೊನೆ ಅದನ್ನು ಬೆರಳಿನೊಡನೆ ಸೆಳೆದುಕೊಳ್ಳುತ್ತದೆ.

ಕೊನೆಗೆ ಅಂಚಿನ ಸಿಬಿರನ್ನು ಅರದಿಂದ ತೆಗೆದರೆ ರಂಧ್ರ ಸಿದ್ಧ. ಕೆಳಗೆ ಬಿದ್ದ ಬಿಲ್ಲೆಯನ್ನೂ ಎಸೆಯಬೇಕಾಗಿಲ್ಲ. ಕೈವಾರದ ಕಡ್ಡಿ ನಿಂತಿದ್ದ ತೂತು ಅದರ ನಡುವಿನಲ್ಲಿಯೇ ಇರುತ್ತದೆ. ತಿರುಪಿನ ಎರಡು ತೂತುಗಳನ್ನು ಮರೆತರೆ, ಚಿಕ್ಕ ಬಂಡಿಯೊಂದಕ್ಕೆ ಕುಂಟದ ಚಕ್ರವಾಗಿ ಅದು ಸಲ್ಲುತ್ತದೆ.