ಬಿಸಿಯೊಡನೆ ಸೆಣಸಿದ ಬ್ರೇಕು

ಓಡುವ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು. ವೇಗ ಇಮ್ಮಡಿಯಾದರೆ ಈ ಉಷ್ಣ ನಾಲ್ಮಡಿಯಾಗುವುದರಿಂದ, ಬ್ರೇಕಿನ ಇತಿಹಾಸ ಬಹುಮಟ್ಟಿಗೆ ಬಿಸಿಯನ್ನು ನಿಭಾಯಿಸಿದ ಇತಿಹಾಸವೇ ಆಗಿದೆ. ಇಂದಿನ ಗ್ಯಾರೇಜಿನಲ್ಲಿ ನಡೆಯುವ ಬ್ರೇಕ್ ಕೆಲಸಗಳ ಕಾರಣಗಳೂ ಅಲ್ಲಿಯೇ ಸಿಗುತ್ತವೆ.

1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ರೂಪಿಸಿದ ಡ್ರಮ್ ಬ್ರೇಕಿನಲ್ಲಿ, ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಯನ್ನು ‘ಶೂ’ ಎಂಬ ಬಾಗಿದ ತುಂಡುಗಳು ಹಿಗ್ಗಿ ಒತ್ತುತ್ತಿದ್ದವು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದ ಡಿಸ್ಕ್ ಬ್ರೇಕು ತಿರುಗುವ ತಟ್ಟೆಯನ್ನು ಇಕ್ಕೆಲಗಳಿಂದ ಅದುಮುತ್ತಿತ್ತಾದರೂ, ತಾಮ್ರದ ಪಟ್ಟಿ ಲೋಹಕ್ಕೆ ಉಜ್ಜಿ ಕರ್ಕಶವಾಗಿ ಕಿರಿಚುತ್ತಿದ್ದುದರಿಂದ ವ್ಯಾಪಕ ಬಳಕೆಗೆ ಬರಲಿಲ್ಲ. ಈ ತೊಡಕಿಗೆ ಇಂಗ್ಲೆಂಡಿನವರೇ ಆದ ಹರ್ಬರ್ಟ್ ಫ್ರೂಡ್ ಕಂಡುಕೊಂಡ ಪರಿಹಾರ ಬಿಸಿಗೆ ಸುಡದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಉಜ್ಜುವ ಮೈಗೆ ಹೊದಿಸುವ ಲೈನಿಂಗ್. ಅದು ದಶಕಗಳ ಕಾಲ ಜಗತ್ತಿನ ಬ್ರೇಕುಗಳನ್ನು ಆಳಿತು. ಅದರ ಬೆಲೆ ತೆತ್ತವರಲ್ಲಿ, ಡ್ರಮ್ ಬಿಚ್ಚಿ ಧೂಳನ್ನು ಗಾಳಿಯಿಂದ ಊದುತ್ತಿದ್ದ ಮೆಕ್ಯಾನಿಕ್‌ಗಳೂ ಇದ್ದರು. ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುವ ಈ ವಸ್ತುವನ್ನು ಬ್ರಿಟನ್ ಪೂರ್ಣವಾಗಿ ನಿಷೇಧಿಸಿದ್ದು 1999ರಲ್ಲಿ, ಅಂದರೆ ಅತಿ ತಡವಾಗಿ.

ತಿರುಗುವ ಡ್ರಮ್ ತಾನೇ ಶೂವನ್ನು ಒಳಗೆಳೆದುಕೊಳ್ಳುವುದರಿಂದ ಡ್ರಮ್ ಬ್ರೇಕಿಗೆ ಕಾಲಿನ ಬಲ ಕಡಿಮೆ ಸಾಕು. ಆದರೆ ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದಾಗ ಡ್ರಮ್ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಇದಕ್ಕೆ ಬ್ರೇಕ್ ಫೇಡ್ ಎನ್ನುತ್ತಾರೆ. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ತಣಿಯುತ್ತದೆ. 1953ರ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಡನ್ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. 1955ರಲ್ಲಿ ಸಿಟ್ರೋಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದಿತು. ಅಗ್ಗವೂ ಹ್ಯಾಂಡ್‌ಬ್ರೇಕಿಗೆ ಅನುಕೂಲವೂ ಆದ ಡ್ರಮ್, ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಗಳಲ್ಲಿ ಇಂದಿಗೂ ಉಳಿದಿದೆ.

ಪೆಡಲಿನ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ದ್ರವದ ಮೂಲಕ ಮುಟ್ಟಿಸುವ ಹೈಡ್ರಾಲಿಕ್ ವ್ಯವಸ್ಥೆ 1921ರ ಡ್ಯೂಸೆನ್‌ಬರ್ಗ್ ಕಾರಿನೊಂದಿಗೆ ಅಮೆರಿಕದಲ್ಲಿ ಬಂದಿತು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಆದುದರಿಂದ ಕೊಳವೆಯೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಒಬ್ಬರು ಪೆಡಲ್ ಒತ್ತುತ್ತಿರುವಂತೆ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಏರ್ ತೆಗೆಯಬೇಕಾಗುತ್ತದೆ. ‘ಬ್ರೇಕ್ ಆಯಿಲ್’ ಎಂದು ಕರೆಯುವ ಈ ದ್ರವ ನಿಜಕ್ಕೂ ಎಣ್ಣೆಯಲ್ಲ, ತೇವ ಹೀರುವ ವಸ್ತು. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದ್ದರೆ ಏಳುವ ಆವಿಯೂ ಗಾಳಿಯಂತೆಯೇ ಕುಗ್ಗಿ ಬ್ರೇಕ್ ಹಿಡಿಯದಂತಾಗುತ್ತದೆ. ಡಿಸ್ಕನ್ನು ಅದುಮುವ ಪ್ಯಾಡ್ ಎಷ್ಟೇ ದಪ್ಪವಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಇದರಿಂದಲೇ ಅಗತ್ಯವಾಗಿದೆ.

ಪ್ಯಾಡ್ ಅಥವಾ ಶೂಗಳನ್ನು ಎಡಬಲ ಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ಕಾರು ಒಂದು ಬದಿಗೆ ಎಳೆಯಬಹುದು. ಹೊಸ ಪ್ಯಾಡಿಗೆ ಜಾಗ ಮಾಡಲು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತುಗಳಿಗೆ ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ಗಟ್ಟಿಯಾಗುವವರೆಗೂ ಒತ್ತಿದ ಬಳಿಕವೇ ಕಾರನ್ನು ಗ್ಯಾರೇಜಿನಿಂದ ಹೊರತೆಗೆಯಬೇಕು.