ಕಡ್ಡಿ ಮೀಟಿ ಚಕ್ರ ಕಟ್ಟುವವರು

ಸೈಕಲ್ ಶಾಪಿಗೆ ಕೆಲಸಕ್ಕೆ ಸೇರಿದ ಹುಡುಗನ ಕೈಗೆ ಮೊದಲು ಸಿಗುವುದು ಗಾಳಿ ಪಂಪು. ಕೆಲವು ತಿಂಗಳಾದ ಮೇಲೆ ಪಂಕ್ಚರ್ ಹಾಕಲು ಬಿಡುತ್ತಾರೆ. ಆಮೇಲೆ ಬ್ರೇಕು, ಚೈನು, ಪೆಡಲು. ರಿಮ್ಮಿನ ಬೆಂಡ್ ತೆಗೆಯುವ ಕೆಲಸವನ್ನು ಮಾತ್ರ ಯಜಮಾನರು ವರ್ಷಗಟ್ಟಲೆ ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಚಕ್ರ ಕಟ್ಟಲು ಬಂದವನೇ ಮೇಸ್ತ್ರಿ. ಅಲ್ಲಿಯವರೆಗೆ, ಮೀಸೆ ಬಂದಿದ್ದರೂ, ಅವನು ಹುಡುಗನೇ.

ಶಿವಮೊಗ್ಗದಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ನಮ್ಮ ಬೀದಿಯ ಮೂಲೆಯ ಶಾಪಿನಲ್ಲಿ ಈ ಕೆಲಸ ನೋಡುತ್ತ ನಿಂತು ಎಷ್ಟೋ ಸಂಜೆ ಮನೆಯಲ್ಲಿ ಬೈಸಿಕೊಂಡಿದ್ದೇನೆ. ಅಲ್ಲಿನ ಯಜಮಾನರು ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ, ಚಕ್ರವನ್ನು ಒಮ್ಮೆ ಬೀಸಿ ಬಿಡುತ್ತಿದ್ದರು. ಫೋರ್ಕಿಗೆ ಕೈಯೂರಿ ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ಹಿಡಿದರೆ, ಅದು ಎಲ್ಲಿ ಪಕ್ಕಕ್ಕೆ ವಾಲಿದೆಯೋ ಅಲ್ಲಿ ಮಾತ್ರ ಬಿಳಿ ಗೀರು ಬೀಳುತ್ತಿತ್ತು. ಗೀರು ಬಿದ್ದ ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸುವುದು, ಎದುರು ಬದಿಯದನ್ನು ಕಾಲು ಸುತ್ತು ಬಿಗಿಯುವುದು, ಮತ್ತೆ ತಿರುಗಿಸಿ ನೋಡುವುದು. ಅರ್ಧ ಸುತ್ತು ಎಂಬುದು ಅವರ ಲೆಕ್ಕದಲ್ಲಿ ಅವಸರ. ಕೊನೆಗೆ ತೋರುಬೆರಳಿನಿಂದ ಒಂದೊಂದೇ ಕಡ್ಡಿಯನ್ನು ಮೀಟುತ್ತ ಹೋಗುವರು, ತಂಬೂರಿಯ ಶ್ರುತಿ ನೋಡಿದ ಹಾಗೆ. ಒಂದು ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಯಾವುದೋ ಒಂದು ಮಂದವಾಗಿ ದಡ್ ಎಂದರೆ ಅದು ಸಡಿಲ; ಅದರ ಪಾಲಿನ ಭಾರವನ್ನು ಪಕ್ಕದವು ಹೊರುತ್ತಿವೆ.

ನಮ್ಮ ಹಳೆಯ 28 ಇಂಚಿನ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರ, ಕ್ಯಾರಿಯರ್, ಅದರ ಮೇಲಿನ ಮೂಟೆ ಎಲ್ಲವೂ ಹಿಂದಿನ ಚಕ್ರದ ಮೇಲೆಯೇ ಹೆಚ್ಚಾಗಿ ಕೂರುವುದರಿಂದ ಈ ವ್ಯತ್ಯಾಸ. ಎತ್ತಿನ ಗಾಡಿಯ ಚಕ್ರದ ಅರಗಳು ಕಂಬದ ಹಾಗೆ ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿಗೆ ಆ ಶಕ್ತಿಯಿಲ್ಲ. ಎರಡು ಬೆರಳಲ್ಲಿ ಒತ್ತಿದರೆ ಬಾಗುವ ತಂತಿ ಅದು. ಅದರ ಬಲವೆಲ್ಲ ಎಳೆದು ಕಟ್ಟಿದ ಬಿಗುವಿನಲ್ಲಿದೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದು ಇದನ್ನು ಲೆಕ್ಕ ಹಾಕಿ ತೋರಿಸಿದರು. ಭಾರ ಬಿದ್ದಾಗ ನೆಲದ ಕಡೆಗಿರುವ ಕೆಲವು ಕಡ್ಡಿಗಳ ಬಿಗುವು ತುಸು ಇಳಿಯುತ್ತದೆ, ಚಕ್ರ ಮುಂದೆ ಉರುಳಿದಾಗ ಮತ್ತೆ ಏರುತ್ತದೆ. 28 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುತ್ತದೆ. ಅಷ್ಟೂ ಸಲ ಪ್ರತಿ ಕಡ್ಡಿಯೂ ಸಡಿಲಾಗಿ ಬಿಗಿಯಬೇಕು. ಮೊದಲೇ ಚೆನ್ನಾಗಿ ಬಿಗಿದಿದ್ದರೆ ಈ ಏರಿಳಿತ ಕಡ್ಡಿಗೆ ಲೆಕ್ಕಕ್ಕಿಲ್ಲ. ಸಡಿಲವಾಗಿದ್ದರೆ ಅದು ಚಕ್ರದ ನಡುವಿನ ಹಬ್ಬಿನ ತೂತಿನ ಬಾಗಿನಲ್ಲಿ ಅಲ್ಲಾಡಿ ಅಲ್ಲಾಡಿ ದಣಿದು ಒಂದು ದಿನ ಟಿಣ್ ಎಂದು ಮುರಿಯುತ್ತದೆ. ಬ್ರಾಂಟ್ ಅವರ ಹೆಸರನ್ನೂ ಕೇಳದ ನಮ್ಮೂರಿನ ಯಜಮಾನರಿಗೆ ಇದು ಬೆರಳ ತುದಿಯಲ್ಲಿ ಗೊತ್ತಿತ್ತು.

ಈ ಕಸುಬು ನಮ್ಮ ಊರೂರಲ್ಲಿ ಹಬ್ಬಲು ಒಂದು ಕಾರಣವಿದೆ. ಮದ್ರಾಸಿನ ಅಂಬತ್ತೂರಿನ ಟಿ.ಐ. ಕಂಪನಿ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದವು. ಬಣ್ಣ, ಬಿಲ್ಲೆ ಬೇರೆಬೇರೆಯಾದರೂ ಇವರೆಲ್ಲರ ದೊಡ್ಡ ಸೈಕಲ್ಲಿನ ಅಳತೆ ಇಂಗ್ಲೆಂಡಿನ ರೋಡ್‌ಸ್ಟರ್‌ನದೇ: 28 ಇಂಚು, ಒಂದೂವರೆ ಇಂಚಿನ ಟೈರು. ಹಾಗಾಗಿ ಹಗರಿಬೊಮ್ಮನಹಳ್ಳಿಯಲ್ಲಿ ಟೈರು ಹರಿದರೂ, ಹೊನ್ನಾಳಿಯಲ್ಲಿ ಕಾಟರ್ ಪಿನ್ನು ಸವೆದರೂ ಸಾಮಾನು ಸಿಗುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದವರೂ ಇದೇ ಶಾಪಿನವರು. ನಮ್ಮಲ್ಲಿ ಬಹಳ ಮಂದಿ ಒಳಪೆಡಲ್ ತುಳಿಯಲು ಕಲಿತು ಮಂಡಿ ತರಚಿಕೊಂಡದ್ದು ಆ ಬಾಡಿಗೆ ಸೈಕಲ್ಲಿನಲ್ಲೇ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿ ಶಾಪುಗಳ ಪಂಕ್ಚರ್ ಬೋಗುಣಿಯಲ್ಲಿ ಮತ್ತೆ ನೀರು ತುಂಬಿತು.

ಊರಿನ ಸಾಮಾನಿನಲ್ಲಿ ರಿಪೇರಿಯಾಗುವ ಸೈಕಲ್ಲೇ ದೂರದ ದಾರಿಗೆ ಒಳ್ಳೆಯದು ಎಂಬ ಮಾತಿಗೆ ನನಗೆ ಡರ್ವ್ಲಾ ಮರ್ಫಿ ನೆನಪಾಗುತ್ತಾರೆ. ಈ ಐರಿಷ್ ಮಹಿಳೆ 1963ರಲ್ಲಿ ಒಬ್ಬರೇ ಸೈಕಲ್ ತುಳಿದುಕೊಂಡು ಯುರೋಪು, ಇರಾನ್, ಅಫ್ಘಾನಿಸ್ತಾನ ದಾಟಿ ದಿಲ್ಲಿಗೆ ಬಂದರು. ಹೊರಡುವ ಮೊದಲು ಅವರು ಸೈಕಲ್ಲಿಗೆ ಸೇರಿಸಿದ್ದಕ್ಕಿಂತ ಮುಖ್ಯವಾದದ್ದು ತೆಗೆಸಿಹಾಕಿದ್ದು: ಮೂರು ಗೇರಿನ ಸಾಧನ. ಏಷ್ಯಾದ ರಸ್ತೆಗಳಿಗೆ ಅದು ತೀರ ನಾಜೂಕು ಎಂಬುದು ಅವರ ಲೆಕ್ಕ. ದಾರಿಯಲ್ಲಿ ಸಿಗಲಾರದ ಟೈರುಗಳನ್ನು ಮುಂದಿನ ಊರುಗಳಿಗೆ ಮೊದಲೇ ಕಳಿಸಿದ್ದರು. ಹತ್ತು ವರ್ಷದ ಮೇಲೆ ಪುಟ್ಟ ಮಗಳ ಜೊತೆ ಕೊಡಗಿಗೂ ಬಂದು ಉಳಿದು ಪುಸ್ತಕ ಬರೆದರು. ಆ ಸಲ ಸೈಕಲ್ ಇರಲಿಲ್ಲ.

ಗೇರು ಬೇಡವೆಂದು ನಾನು ಹೇಳುವುದಿಲ್ಲ. ಮಲೆನಾಡಿನ ಏರಿಗೆ ಗೇರು ಬೇಕೇ ಬೇಕು. ಆದರೆ ಗೇರಿನ ಹೊಸ ಸೈಕಲ್ಲು ಕೊಂಡ ವರ್ಷ ಶಿವಮೊಗ್ಗದಿಂದ ಉಡುಪಿಗೆ ಹೊರಟು ನಾನು ಪಾಠ ಕಲಿತದ್ದು ತೀರ್ಥಹಳ್ಳಿಯ ಹತ್ತಿರ. ಹಿಂದಿನ ಚಕ್ರದ ಬಲಬದಿಯ ಕಡ್ಡಿ ಮುರಿದು ರಿಮ್ಮು ಬ್ರೇಕಿಗೆ ಉಜ್ಜತೊಡಗಿತು. ಒಂದು ಮೈಲಿ ತಳ್ಳಿಕೊಂಡು ಹೋಗಿ ಶಾಪು ಹುಡುಕಿದೆ. ಅಲ್ಲಿದ್ದ ಕಡ್ಡಿಗಳೆಲ್ಲ ನನ್ನ ಚಕ್ರಕ್ಕೆ ಉದ್ದ. ಸರಿಯಾದ ಕಡ್ಡಿ ಸಿಕ್ಕಿದ್ದರೂ ಗೇರಿನ ಹಲ್ಲುಚಕ್ರ ಬಿಚ್ಚುವ ಸಲಕರಣೆ ಅವರಲ್ಲಿರಲಿಲ್ಲ. ಆದರೂ ಅವರು ಕೈಬಿಡಲಿಲ್ಲ. ಮುರಿದ ಕಡ್ಡಿಯನ್ನು ಪಕ್ಕದ್ದಕ್ಕೆ ಸುತ್ತಿ, ಅದರ ಆಚೀಚೆ ಎಡಬದಿಯಿಂದ ಬಂದ ಎರಡು ಕಡ್ಡಿಗಳನ್ನು ಸಡಿಲಿಸಿ, ರಿಮ್ಮನ್ನು ನಡುವಿಗೆ ಎಳೆದು ತಂದರು. ಬ್ರೇಕನ್ನು ತುಸು ಅಗಲಿಸಿದರು. ಆಮೇಲೆ ಉಳಿದ ಕಡ್ಡಿಗಳನ್ನು ಮೀಟಿ ನೋಡಿ, "ಇದು ಮಿಷನ್ನಲ್ಲಿ ಕಟ್ಟಿದ್ದು ಮಾರಾಯ್ರೆ, ಕೈ ಆಡಿಸಿದವರೇ ಇಲ್ಲ" ಎಂದರು. ನಿಜ. ಮಾರುವ ಮುಂಚೆ ಚಕ್ರವನ್ನು ಒಮ್ಮೆ ಕೈಯಲ್ಲಿ ಬಿಗಿದು ಕೊಡಬೇಕಾಗಿತ್ತು; ಅಂಗಡಿಯವರು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. "ಆಗುಂಬೆ ತನಕ ಹೋಗಿ. ಘಾಟಿ ಮಾತ್ರ ಇದರಲ್ಲಿ ಇಳಿಬೇಡಿ" ಎಂದು ಎರಡೆರಡು ಸಲ ಹೇಳಿಸಿಕೊಂಡೇ ಬಿಟ್ಟರು. ಆಗುಂಬೆಯಿಂದ ಸೋಮೇಶ್ವರದವರೆಗೆ ಹದಿನಾಲ್ಕು ತಿರುವುಗಳನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ, ಸೈಕಲ್ಲು ಟಾಪಿನ ಮೇಲಿತ್ತು.

ಆ ಚಕ್ರವನ್ನು ಬಿಚ್ಚಿಸಿ 36 ಕಡ್ಡಿಯ ಹೊಸ ಚಕ್ರ ಕಟ್ಟಿಸಿದ್ದೇನೆ. ಅದರ ಅಳತೆಯ ಮೂರು ಕಡ್ಡಿಗಳು ಸದಾ ಫ್ರೇಮಿಗೆ ಟೇಪು ಸುತ್ತಿ ಅಂಟಿಕೊಂಡಿರುತ್ತವೆ. ಮುಂದಿನ ಸಲ ಘಾಟಿಯನ್ನು ಸೈಕಲ್ಲಿನಲ್ಲೇ ಇಳಿದೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿರಬಾರದು, ರಿಮ್ಮು ಕಾದು ಟ್ಯೂಬಿಗೆ ಅಪಾಯ. ತಿರುವಿಗೆ ಮೊದಲೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ಮಳೆಯಲ್ಲಾದರೆ ಇನ್ನೂ ಮುಂಚೆ. ಹಳೆಯ ಸೈಕಲ್ಲುಗಳ ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ರಬ್ಬರು ಹಿಡಿಯುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮು ಎಷ್ಟೋ ವಾಸಿ.

ದಿನವೂ ಕೆಲಸಕ್ಕೆ ತುಳಿಯುವವರಿಗೆ ಘಾಟಿಯ ಚಿಂತೆಯಿಲ್ಲ, ಮುಳ್ಳಿನದು ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ರಸ್ತೆಯ ಅಂಚಿಗೆ ಇಳಿದರೆ ಬಳ್ಳಾರಿ ಜಾಲಿ, ಬಯಲಿಗೆ ಇಳಿದರೆ ನೆಗ್ಗಿಲು ಮುಳ್ಳು. ನೆಗ್ಗಿಲು ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಪಂಕ್ಚರ್ ಹಾಕುವುದನ್ನು ಪ್ರತಿಯೊಬ್ಬ ಸವಾರನೂ ಕಲಿಯಬೇಕು, ಅದರಲ್ಲಿ ಗುಟ್ಟೇನಿಲ್ಲ. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಗುಳ್ಳೆ ನೋಡಬೇಕು. ತೂತಿನ ಸುತ್ತ ಮರಳು ಕಾಗದದಿಂದ ಉಜ್ಜಿ ಸೊಲ್ಯೂಷನ್ ಸವರಿ ಕಾಯಬೇಕು. ಹೆಚ್ಚಿನವರು ಎಡವುವುದು ಈ ಕಾಯುವಿಕೆಯಲ್ಲೇ. ಬೆರಳಿಗೆ ಅಂಟೂ ಅಂಟದ ಹದಕ್ಕೆ ಒಣಗುವ ಮೊದಲೇ ಪ್ಯಾಚು ಕೂರಿಸಿದರೆ ಎರಡು ದಿನಕ್ಕೆ ಬಿಟ್ಟುಬರುತ್ತದೆ. ಪ್ಯಾಚಿನ ಮೂಲೆಗಳನ್ನು ದುಂಡಗೆ ಕತ್ತರಿಸುತ್ತಾರೆ, ಏಕೆಂದರೆ ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆ. ಟ್ಯೂಬು ಒಳಗೆ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಸವರಬೇಕು. ಚುಚ್ಚಿದ ಮುಳ್ಳು ಬಹಳ ಸಲ ಅಲ್ಲೇ ಕೂತಿರುತ್ತದೆ.

ಚೈನಿನ ಬಗ್ಗೆ ಒಂದು ಅಳತೆ ನೆನಪಿಟ್ಟುಕೊಂಡರೆ ಸಾಕು. ಅದರ ಪ್ರತಿ ಕೊಂಡಿ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಶಾಲೆಯ ಸ್ಕೇಲು ಹಿಡಿದು ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೆಚ್ಚಾದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದಾಗಿದೆ. ಎಣ್ಣೆಯನ್ನು ಸುರಿಯಬಾರದು. ಕೊಂಡಿಗೊಂದು ಹನಿ ಬಿಟ್ಟು ಪೆಡಲು ತಿರುಗಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಒಳಗಿನ ಉರುಳೆಗೆ. ಹೊರಗೆ ಉಳಿದದ್ದು ದೂಳು ಹಿಡಿದು ಅರದ ಹಾಗೆ ಚೈನನ್ನು ತೇಯುತ್ತದೆ. ಗ್ಯಾರೇಜಿನವರು ಪುಕ್ಕಟೆ ಕೊಡುವ ಕಪ್ಪು ಎಂಜಿನ್ ಆಯಿಲನ್ನು ದಯವಿಟ್ಟು ಹಾಕಬೇಡಿ.

ಸೀಟನ್ನು ಬಹಳ ಮಂದಿ ತಗ್ಗಾಗಿ ಇಟ್ಟು ಮಂಡಿನೋವಿಗೆ ಸೈಕಲ್ಲನ್ನು ದೂರುತ್ತಾರೆ. ಪೆಡಲು ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಆಗ ಮಂಡಿ ಬೇಕಾದಷ್ಟೇ ಬಾಗುತ್ತದೆ. ಮಡ್‌ಗಾರ್ಡು ಬಿಚ್ಚಿಸಿ ಚಂದ ಮಾಡಿಕೊಂಡವರು ಮೊದಲ ಮಳೆಗೆ ಬೆನ್ನಿನ ಮೇಲೆ ಕೆಸರಿನ ಗೆರೆ ಹೊತ್ತು ಆಫೀಸಿಗೆ ಬರುತ್ತಾರೆ. ದೀಪ ಹಿಂದೆಯೂ ಬೇಕು, ಮುಂದೆಯೂ ಬೇಕು. ಟೈರಿಗೆ ಒರಗಿ ಗುಂಯ್ ಎನ್ನುತ್ತಿದ್ದ ಹಳೆಯ ಡೈನಮೋ 6 ವೋಲ್ಟಿಗೆ 3 ವ್ಯಾಟ್ ಕೊಡುತ್ತಿತ್ತು. ಅದೇ 3 ವ್ಯಾಟಿನಲ್ಲಿ ಇಂದಿನ ಎಲ್‌ಇಡಿ ಇಡೀ ರಸ್ತೆ ಬೆಳಗುತ್ತದೆ. ಹಬ್ಬಿನೊಳಗೇ ಕೂರುವ ಡೈನಮೋ ಈಗ ಸಿಗುತ್ತದೆ. ದುಡ್ಡಿದ್ದರೆ ನಾನು ಬೇರೆಲ್ಲ ಬಿಟ್ಟು ಮೊದಲು ಅದನ್ನು ಕೊಳ್ಳಿ ಎನ್ನುತ್ತೇನೆ.

ದೂರ ಹೋಗುವವರು ಭಾರವನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರಿನ ಎರಡೂ ಬದಿಗೆ ತೂಗುಹಾಕಬೇಕು. ಇದಕ್ಕೆ ಮಾರುವ ಜೋಡಿ ಚೀಲಗಳಿಗೆ ವಿದೇಶಿ ಹೆಸರು ಇರಬಹುದು, ನಮ್ಮಲ್ಲಿ ಅದು ಹೇರು. ಲಂಬಾಣಿಗರ ಹೇರೆತ್ತುಗಳು ಉಪ್ಪು, ಧಾನ್ಯ ಹೊತ್ತು ನಾಡು ದಾಟುತ್ತಿದ್ದದ್ದು ಹೀಗೆಯೇ, ಎರಡು ಬದಿಗೆ ಸಮತೂಕ, ಆದಷ್ಟು ತಗ್ಗಿನಲ್ಲಿ. ಹಾಲಿನ ಕ್ಯಾನು ಕಟ್ಟುವ ನಮ್ಮ ಸೈಕಲ್ ಸವಾರರು ಇಂದಿಗೂ ಅದೇ ಸೂತ್ರದಲ್ಲಿ ನಡೆಸುತ್ತಾರೆ.

ಬೆಂಗಳೂರಿನಿಂದ ಈಗ ಬ್ರೆವೆ ಎಂಬ ದೂರಸವಾರಿಗಳು ನಡೆಯುತ್ತವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ಈ ಪರಂಪರೆಯ ತಾಯಿಬೇರು 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್; ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದರಲ್ಲಿ 1200 ಕಿಲೋಮೀಟರಿಗೆ 90 ಗಂಟೆ. ನನಗೆ ಇದರಲ್ಲಿ ಇಷ್ಟವಾಗುವುದು ವೇಗವಲ್ಲ, ನಿಯಮ. ಸಾಮಾನು ಹೊತ್ತ ಕಾರು ಹಿಂದೆ ಬರುವಂತಿಲ್ಲ. ದಾರಿಯಲ್ಲಿ ಕೆಟ್ಟರೆ ನಿಮ್ಮ ಕೈ, ಇಲ್ಲವೇ ಆ ಊರಿನ ಶಾಪು.

ಆ ಶಾಪುಗಳು ಕಡಿಮೆಯಾಗುತ್ತಿವೆ. ನಮ್ಮ ಬೀದಿಯದು ಈಗ ಮೊಬೈಲ್ ಅಂಗಡಿ. ಉಳಿದವರಲ್ಲಿ ಕೆಲವರು ಡಿಸ್ಕ್ ಬ್ರೇಕು, ಗೇರು ಕಲಿತಿದ್ದಾರೆ. ಕಲಿಯದವರ ಹತ್ತಿರಕ್ಕೂ ನಾನು ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಒಂದು ಕೆಲಸಕ್ಕೆ ಹೋಗಿಯೇ ಹೋಗುತ್ತೇನೆ. ಇಂಗ್ಲಿಷಿನ ಓವರ್‌ಹಾಲಿಂಗ್ ನಮ್ಮ ಶಾಪುಗಳ ಬಾಯಲ್ಲಿ ಓವರಾಯಿಲಿಂಗ್ ಆಗಿದೆ. ತಪ್ಪೆಂದು ತಿದ್ದಲು ನನಗೆ ಮನಸ್ಸಿಲ್ಲ, ಕೆಲಸಕ್ಕೆ ಈ ಪದವೇ ಚೆನ್ನಾಗಿ ಹೊಂದುತ್ತದೆ. ಎಕ್ಸೆಲ್ ಬಿಚ್ಚಿ, ಕೋನು, ಕಪ್ಪು, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತು ಗುಂಡು, ಕಾಲಿಂಚಿನವು. ಉರುಳಿ ಹೋದದ್ದನ್ನು ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಆಡಿಸಿ ಹುಡುಕುತ್ತಾರೆ. ಕೋನಿನ ಮೇಲೆ ಹಳ್ಳ ಬಿದ್ದಿದೆಯೇ ಎಂದು ಉಗುರು ಆಡಿಸಿ ನೋಡುತ್ತಾರೆ. ಹೊಸ ಗ್ರೀಸು ತುಂಬಿ ಗುಂಡುಗಳನ್ನು ಒಂದೊಂದಾಗಿ ಕೂರಿಸುತ್ತಾರೆ.

ಆಮೇಲೆ ಕೋನು ಬಿಗಿಯುವುದು. ಹೆಚ್ಚು ಬಿಗಿದರೆ ಚಕ್ರ ಹಿಡಿಯುತ್ತದೆ, ಸಡಿಲಾದರೆ ಅಲುಗುತ್ತದೆ. ಹದ ನೋಡಲು ಅವರಿಗೆ ಯಾವ ಉಪಕರಣವೂ ಬೇಡ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಗಾಳಿ ಹಾಕುವ ವಾಲ್ವನ್ನು ಪಕ್ಕಕ್ಕೆ ತಂದು ಕೈ ಬಿಡುತ್ತಾರೆ. ಚಕ್ರ ತಾನಾಗಿ ಮೆಲ್ಲನೆ ತಿರುಗಿ, ಆ ಕಡೆ ಈ ಕಡೆ ಜೀಕಿ, ಆ ಚೂರು ಹಿತ್ತಾಳೆಯ ಭಾರಕ್ಕೆ ವಾಲ್ವ್ ಕೆಳಗೆ ಬಂದು ನಿಲ್ಲಬೇಕು. ನಿಲ್ಲುವವರೆಗೂ ಅವರು ಮಾತಾಡುವುದಿಲ್ಲ.