ಪೆಪ್ಪರ್‌ಮಿಂಟ್ ಡಬ್ಬಿಯೊಳಗೊಂದು ಕಂಪ್ಯೂಟರು!

ಉದ್ದ 86 ಮಿಲಿಮೀಟರ್, ಅಗಲ 53. ಅಷ್ಟೇ! ಅಂಗೈಯಲ್ಲಿಟ್ಟರೆ ಬೆರಳುಗಳಿಗೆ ಇನ್ನೂ ಜಾಗ ಉಳಿಯುತ್ತದೆ. ನಾಲ್ಕು ಮೂಲೆಗಳನ್ನು ದುಂಡಗೆ ಕತ್ತರಿಸಿದ್ದಾರಲ್ಲ, ಅದು ಚಂದಕ್ಕಲ್ಲ. ಅಮೆರಿಕದಲ್ಲಿ ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟ್ ಮಾರುವ ತಗಡಿನ ಡಬ್ಬಿಯೊಳಗೆ ಬೋರ್ಡು ಸಲೀಸಾಗಿ ಕೂರಲೆಂದು!

ಇದು ಬೀಗಲ್‌ಬೋನ್ ಬ್ಲ್ಯಾಕ್. 2013ರ ಏಪ್ರಿಲ್‌ನಲ್ಲಿ ಬಂದಾಗ ಬೆಲೆ 45 ಡಾಲರ್. 1985ರಲ್ಲೇ ಬೆಂಗಳೂರಿಗೆ ಕಾಲಿಟ್ಟ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪು ಇದರ ಎದೆಯಲ್ಲಿದೆ. ಅದೇ ಕಂಪನಿಯಲ್ಲಿದ್ದ ಜೆರಾಲ್ಡ್ ಕೋಲಿ ಮತ್ತು ಜೇಸನ್ ಕ್ರಿಡ್ನರ್ 2008ರಲ್ಲಿ ಇದೇ ಕುಟುಂಬದ ಮೊದಲ ಬೋರ್ಡಾದ ಬೀಗಲ್‌ಬೋರ್ಡನ್ನು ಹೊರತಂದಾಗ ಅದಕ್ಕೆ 149 ಡಾಲರ್ ಇತ್ತು. ಐದೇ ವರ್ಷಕ್ಕೆ ಬೆಲೆ ಮೂರನೇ ಒಂದು ಭಾಗಕ್ಕಿಳಿಯಿತು!

ಒಂದು ಯುಎಸ್‌ಬಿ ಕೇಬಲ್ಲು ಚುಚ್ಚಿ ನೋಡಿ. ಕರೆಂಟೂ ಅದರಲ್ಲೇ, ನೆಟ್‌ವರ್ಕೂ ಅದರಲ್ಲೇ. ಪುಟ್ಟ ನೀಲಿ ದೀಪವೊಂದು ಲಬ್‌ಡಬ್ ಎಂದು ಎದೆಬಡಿತದಂತೆ ಮಿಡಿಯತೊಡಗುತ್ತದೆ. ಮೆಮೊರಿ ಕಾರ್ಡೂ ಬೇಡ, ಕಂಪ್ಯೂಟರನ್ನು ನಡೆಸುವ ಲಿನಕ್ಸು ಬೋರ್ಡಿನಲ್ಲೇ ಇದೆ. ಇಕ್ಕೆಲದಲ್ಲೂ 46ರಂತೆ ಒಟ್ಟು 92 ತೂತುಗಳು. ಸೆನ್ಸರು, ಮೋಟಾರು, ಏನು ಬೇಕಾದರೂ ಸಿಕ್ಕಿಸಿ! (ಅನಲಾಗ್ ಪಿನ್ನುಗಳಿಗೆ ಮಾತ್ರ 1.8 ವೋಲ್ಟ್ ದಾಟಿಸಬೇಡಿ, ಚಿಪ್ಪು ಸುಟ್ಟೀತು.)

ನಿಜವಾದ ಮಾಯೆ ಇನ್ನೂ ಒಳಗಿದೆ. ಲಿನಕ್ಸಿಗೆ ನೂರೆಂಟು ಕೆಲಸ. ಮೋಟಾರಿಗೆ ಮಿಡಿತ ಕಳಿಸಬೇಕಾದ ಗಳಿಗೆಯಲ್ಲೇ ಅದು ಬೇರೆಲ್ಲೋ ಮಗ್ನವಾಗಿರಬಹುದು. ಅದಕ್ಕೇ ಚಿಪ್ಪಿನಲ್ಲಿ ಪಿಆರ್‌ಯು ಎಂಬ ಎರಡು ಪುಟಾಣಿ ಪ್ರೊಸೆಸರುಗಳನ್ನು ಬೇರೆಯೇ ಇಟ್ಟಿದ್ದಾರೆ. ಲಿನಕ್ಸು ಏನೇ ಮಾಡುತ್ತಿರಲಿ, ಇವುಗಳ ತಾಳ ತಪ್ಪುವುದಿಲ್ಲ. ವೇಗ 200 ಮೆಗಾಹರ್ಟ್ಸ್, ಅಂದರೆ ಸಾಮಾನ್ಯವಾಗಿ ಒಂದೊಂದು ಆಜ್ಞೆಗೆ 5 ನ್ಯಾನೊಸೆಕೆಂಡು. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವುದು ಒಂದೂವರೆ ಮೀಟರ್ ದೂರ! ಗಾಬರಿಯಾಗುವುದಿಲ್ಲವೇ? ಇವೆರಡನ್ನೇ ನಂಬಿ ಜನ ತ್ರೀಡಿ ಪ್ರಿಂಟರು, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರಗಳನ್ನು ಓಡಿಸಿದ್ದಾರೆ. ಇಂಥದೇ ಇನ್ನೊಂದು ಪುಟ್ಟ ಕಂಪ್ಯೂಟರು ರಾಸ್‌ಬೆರಿ ಪೈ ಹೆಚ್ಚು ಹೆಸರು ಮಾಡಿತು, ಒಪ್ಪೋಣ. ಆದರೆ ಯಂತ್ರದ ಜೊತೆ ಮಾತಾಡಬೇಕೆಂದರೆ ನನ್ನ ಮತ ಬೀಗಲ್ ನಾಯಿಯ ಹೆಸರು ಹೊತ್ತ ಈ ಮರಿಗೇ.

ಇನ್ನೂ ಒಂದಿದೆ! ಬೋರ್ಡಿನ ಸರ್ಕ್ಯೂಟ್ ನಕ್ಷೆ, ತಂತಿದಾರಿಯ ವಿನ್ಯಾಸ, ಬಿಡಿಭಾಗಗಳ ಪಟ್ಟಿ, ಎಲ್ಲವನ್ನೂ ಬಿಚ್ಚಿಟ್ಟಿದ್ದಾರೆ. ಚಿಪ್ಪಿನ ಒಳಗುಟ್ಟು ಕಂಪನಿಯದೇ, ನಿಜ. ಉಳಿದದ್ದನ್ನು ನೀವೇ ತಿದ್ದಿ, ತಯಾರಿಸಿ, ಮಾರಬಹುದು. ಕೇಸೇನೂ ಬೀಳುವುದಿಲ್ಲ! ಚೀನಾದ ಶೆಂಜೆನ್‌ನ ಸೀಡ್ ಸ್ಟುಡಿಯೊ 2015ರಲ್ಲಿ ಮಾಡಿದ್ದು ಅದನ್ನೇ: ಪರದೆಗೆ ಜೋಡಿಸುವ ಎಚ್‌ಡಿಎಂಐ ಕಿತ್ತುಹಾಕಿತು, ಸೆನ್ಸರುಗಳನ್ನು ಬೆಸುಗೆಯಿಲ್ಲದೆ ಜೋಡಿಸಲು ಎರಡು ಕನೆಕ್ಟರ್ ಸೇರಿಸಿತು, ಬೀಗಲ್‌ಬೋನ್ ಗ್ರೀನ್ ಎಂದು ಕರೆಯಿತು.

ನೀರಿಗೂ ಇಳಿದಿದೆ ಬೀಗಲ್‌ಬೋನ್! ಎರಿಕ್ ಸ್ಟ್ಯಾಕ್‌ಪೋಲ್, ಡೇವಿಡ್ ಲ್ಯಾಂಗ್ ಎಂಬ ಇಬ್ಬರು ಗೆಳೆಯರಿಗೆ ಉತ್ತರ ಕ್ಯಾಲಿಫೋರ್ನಿಯಾದ ಗುಹೆಯೊಂದರ ನೀರಿನ ತಳದಲ್ಲಿ ಬಂಗಾರ ಅಡಗಿದೆಯೆಂಬ ಕಥೆ ಕಿವಿಗೆ ಬಿತ್ತು. ಇಣುಕಿ ನೋಡಲು ಓಪನ್‌ಆರ್‌ಒವಿ ಎಂಬ ಮುಳುಗು ರೋಬೋ ಕಟ್ಟಲು ಹೊರಟರು. ಅದರ ಪಾರದರ್ಶಕ ಕೊಳವೆಯೊಳಗೆ, ಒದ್ದೆಯಾಗದಂತೆ, ಬೀಗಲ್‌ಬೋನ್ ಕೂತಿತು. ಆ ರೋಬೋವಿನ ನಕ್ಷೆಗಳನ್ನೂ ಅವರು ಎಲ್ಲರಿಗೂ ಬಿಟ್ಟುಕೊಟ್ಟರು.